ಬೆನ್ನ ಮೇಲಿನ ಬಾಯಿ

ಒಂದೇ ಒಂದು ಪ್ರೋಟೀನಿನ ಹಿಂದೆ ಬಿದ್ದು ಅವಳು ಒಂಬತ್ತು ವರ್ಷ ಸವೆಸಿದ್ದಳು. ಸಕ್ಕರೆಯ ಸರಪಳಿಯನ್ನು ಕಚ್ಚಿ ತುಂಡರಿಸುವ ಪ್ರೋಟೀನು ಅದು. ಹರಳುಗಟ್ಟಿದರೆ ಎಕ್ಸ್‌-ರೇ ಹಾಯಿಸಿ ಆಕಾರ ಕಂಡುಹಿಡಿಯಬಹುದು. ಆ ಪುಣ್ಯಾತ್ಮ ಮಾತ್ರ ಜಪ್ಪಯ್ಯ ಅಂದರೂ ಹರಳುಗಟ್ಟಲಿಲ್ಲ.

ಐದನೇ ವರ್ಷ ತಟ್ಟೆಯಲ್ಲಿಟ್ಟ ಪ್ರೋಟೀನಿನ ಹನಿಯೊಳಗೆ ಏನೋ ಹೊಳೆದು, ಲ್ಯಾಬಿನವರೆಲ್ಲ ಕುಣಿದಾಡಿದರು. ಸೂಜಿಯಿಂದ ಒತ್ತಿದರೆ ‘ಟಕ್’ ಎಂದಿತು. ಪ್ರೋಟೀನಾದರೆ ಮೆತ್ತಗೆ ಪುಡಿಯಾಗಬೇಕಿತ್ತು. ಇದು ಬರೀ ಉಪ್ಪು.

“ಐದು ವರ್ಷ ಒದ್ದಾಡಿ ಉಪ್ಪು ಮಾಡಿದ್ಯಾ? ಕೇಳಿದ್ರೆ ನಾನೇ ಒಂದು ಡಬ್ಬಿ ಕೊಡ್ತಿದ್ನಲ್ಲೇ!” ಎಂದು ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಆ ಮಾತು ಲ್ಯಾಬಿನಲ್ಲೆಲ್ಲ ಹಬ್ಬಿತು.

ಆ ಪ್ರೋಟೀನಿನ ಆಕಾರವನ್ನು ಹದಿನೆಂಟು ವರ್ಷದ ಹಿಂದೆ, ಮಸುಕು ಚಿತ್ರಗಳನ್ನು ನೋಡಿ ಊಹಿಸಿ ಬರೆದವರು ಲ್ಯಾಬಿನ ಮುಖ್ಯಸ್ಥರಾದ ಅವಳ ಮೇಷ್ಟ್ರು. ಅದು ಸಕ್ಕರೆ ಕಚ್ಚುವ ಬಾಯಿಯನ್ನು ಮುಚ್ಚಿಸುವ ಔಷಧಿಯನ್ನೂ ಅಂದಿನಿಂದ ಹುಡುಕುತ್ತಿದ್ದರು, ಒಂದೂ ಫಲಿಸಿರಲಿಲ್ಲ. ಆ ಚಿತ್ರ ಅವರ ಗೋಡೆಯ ಮೇಲಿತ್ತು, ಟೈ ಮೇಲಿತ್ತು, ಕಾಫಿ ಲೋಟದ ಮೇಲೂ ಇತ್ತು. ಹೆಂಡತಿಯ ಫೋಟೊ ಮಾತ್ರ ಎಲ್ಲೂ ಇರಲಿಲ್ಲ.

ಒಂಬತ್ತನೇ ವರ್ಷ, ಹನಿಗಳ ತಟ್ಟೆಗಳನ್ನಿಟ್ಟಿದ್ದ ತಣ್ಣನೆ ಕೋಣೆಯ ಯಂತ್ರ ಕೆಟ್ಟು ಕೂತಿತು. ಮೂರು ದಿನ ರಿಪೇರಿಯವನ ಸುಳಿವಿಲ್ಲ. ಬೆಚ್ಚಗಾದ ತಟ್ಟೆಗಳನ್ನು ಎಸೆಯಹೊರಟವಳು ಅಭ್ಯಾಸಬಲದಿಂದ ಮೈಕ್ರೋಸ್ಕೋಪಿನಲ್ಲಿ ಇಣುಕಿದಳು. ರಾಶಿ ಹರಳು! ಒಂದಕ್ಕೆ ಸೂಜಿ ತಾಗಿಸಿದಳು, ಬೆಣ್ಣೆಯಂತೆ ಕುಸಿಯಿತು. ಇಷ್ಟು ವರ್ಷವೂ ಮಹಾರಾಯನಿಗೆ ಚಳಿಯಾಗುತ್ತಿತ್ತು, ಅಷ್ಟೇ.

ಉಳಿದವುಗಳಿಗೆ ಎಕ್ಸ್‌-ರೇ ಹಾಯಿಸಿ ಆಕಾರ ಕಟ್ಟಿದಾಗ ಅವಳು ಪರದೆಗೆ ಮುಖ ಹತ್ತಿಸಿ ನೋಡಿದಳು. ಸಕ್ಕರೆ ಕಚ್ಚುವ ಬಾಯಿ ಮೇಷ್ಟ್ರು ಬರೆದ ಜಾಗದಲ್ಲಿ ಇರಲೇ ಇಲ್ಲ, ಬೆನ್ನ ಮೇಲಿತ್ತು. ಮೂರು ಸಲ ಪರೀಕ್ಷಿಸಿದಳು. ಮೂರು ಸಲವೂ ಬೆನ್ನೇ. ಮುಂದಿನ ವಾರ ಮೇಷ್ಟ್ರಿಗೆ ಅದೇ ಚಿತ್ರಕ್ಕಾಗಿ ಪದಕ ಕೊಡುವವರಿದ್ದರು.

“ಸರ್, ನಿಮ್ಮ ಬಾಯಿ ಇರಬೇಕಾದ ಕಡೆ ಇಲ್ಲ.”

“ಏನಂದೆ?”

“ಪ್ರೋಟೀನಿಂದು, ಸರ್.”

ಮೇಷ್ಟ್ರು ಗಂಟೆಗಟ್ಟಲೆ ಕಂಪ್ಯೂಟರಿನ ಮುಂದೆ ಕೂತರು. ತನ್ನ ಕೆಲಸಕ್ಕೆ ಕುತ್ತು ಬಂತೆಂದೇ ಅವಳು ಎಣಿಸಿದಳು.

“ಹದಿನೆಂಟು ವರ್ಷದಿಂದ ಇದರ ಕುಂಡೀಗೆ ಔಷಧಿ ತುರುಕ್ತಿದ್ದೀನಲ್ಲಮ್ಮಾ! ಕೆಲಸ ಮಾಡು ಅಂದ್ರೆ ಹೇಗೆ ಮಾಡುತ್ತೆ?” ಎಂದರು ಕೊನೆಗೆ.

ಪದಕದ ದಿನ ವೇದಿಕೆಯ ಮೇಲೆ ಅವಳ ಚಿತ್ರವನ್ನೇ ತೋರಿಸಿ, “ನಂದು ತಪ್ಪು, ಈಕೇದು ಸರಿ” ಎಂದುಬಿಟ್ಟರು. ಪದಕ ಹಿಡಿದಿದ್ದ ಅಧ್ಯಕ್ಷರು ಪಿಳಿಪಿಳಿ ಕಣ್ಣುಬಿಟ್ಟರು.

“ಕೊಡ್ರೀ, ಹೆಸರು ಕೆತ್ತಿಸಿ ಆಗಿದೆಯಲ್ಲ,” ಎಂದು ಮೇಷ್ಟ್ರು ಕೈಚಾಚಿ ಇಸಿದುಕೊಂಡರು.

ಮರುವರ್ಷ, ಬೆನ್ನಿಗೆಂದೇ ತಯಾರಿಸಿದ ಔಷಧಿಯನ್ನು ಅವಳು ಪ್ರೋಟೀನಿದ್ದ ಕೊಳವೆಗೆ ಹಾಕಿದಳು. ಪ್ರೋಟೀನು ಕಚ್ಚುವುದನ್ನು ನಿಲ್ಲಿಸಿತು.

“ಬಾಯಿ ಮುಚ್ಕೊಂಡ್ತು!” ಎಂದು ಕೂಗಿದ ಮೇಷ್ಟ್ರು ಮೊದಲು ಫೋನು ಮಾಡಿದ್ದು ಅವಳ ಅಕ್ಕನಿಗೆ: “ಈ ಸಲ ಉಪ್ಪಲ್ಲಮ್ಮಾ!”