ಪದ ನಿಂತ ಕಟ್ಟೆ

“ಇಲ್ಲೇ ಯಾಕ ನಿಂದರ್ತಿದ್ರಿ?”

ಹುಣಸೆಮರದ ಕಟ್ಟೆಯ ಮೇಲೆ ಕೊಡ ಇಳಿಸಿ ಹೊಳೆವ್ವ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಗಂಡ ಶಿವಲಿಂಗಪ್ಪ ತೀರಿಕೊಂಡು ಈ ಶ್ರಾವಣಕ್ಕೆ ವರ್ಷವಾಗಿತ್ತು.

ಪ್ರತಿ ಸೋಮವಾರ ಸಂಜೆ ಮಳಗಿ ಊರಿನ ಭಜನಿ ಮೇಳ ಪದ ಹಾಡುತ್ತ ಗುಡ್ಡದ ಗುಡಿಗೆ ಏರುವಾಗ ಮುಂದೆ ಶಿವಲಿಂಗಪ್ಪನೇ ಇರುತ್ತಿದ್ದ. ಅರವತ್ತು ದಾಟಿದ ಮೇಲೆ ಏರಿನ ನಡುವಿನ ಈ ಕಟ್ಟೆಯ ಹತ್ತಿರ ಅವನು ನುಡಿಯನ್ನು ಅರ್ಧಕ್ಕೇ ಬಿಟ್ಟು, ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದ. ತುಸು ಹೊತ್ತಿಗೆ ಮತ್ತೆ ಎತ್ತಿಕೊಳ್ಳುತ್ತಿದ್ದ. ಶಿವ ಎದೆಗೆ ಇಳಿದಾನ ಅಂದುಕೊಂಡು ಮೇಳದವರೂ ಕೈಮುಗಿದು ನಿಲ್ಲುತ್ತಿದ್ದರು. ಬರಬರುತ್ತ ಅದೇ ಪದ್ಧತಿಯಾಯಿತು. ಮನೆಗೆ ಬಂದ ಮೇಲೆ ಹೊಳೆವ್ವ ಉಪ್ಪು, ಅಜವಾನ ಗಂಟು ಕಟ್ಟಿ ಹಂಚಿನ ಮೇಲೆ ಕಾಸಿ ಶಾಖ ಕೊಡುತ್ತಿದ್ದಳು. “ವಾಯು, ಹೋಗ್ತೈತಿ” ಅನ್ನುತ್ತಿದ್ದಳು.

ಹೋದ ಶ್ರಾವಣದ ಆ ಸೋಮವಾರ ಅವನು ಕಟ್ಟೆಗೆ ಒರಗಿ ಕುಳಿತ. ಮುಖದ ತುಂಬ ಬೆವರು. ಎಲ್ಲರೂ ಕೈಮುಗಿದು ಕಾದರು. ಮುಂದಿನ ನುಡಿ ಬರಲೇ ಇಲ್ಲ.

ಈಗ ಮೇಳದ ಮುಂದಾಳು ಮೈದುನ ಉಳವಪ್ಪ. ನಿನ್ನೆ ಅವನೂ ಇಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿದ್ದ, ಎದೆಯ ಮೇಲೆ ಕೈಯಿಟ್ಟು. ಹೊಳೆವ್ವ ಕೊಡವನ್ನು ಮನೆಯಲ್ಲಿಟ್ಟವಳೇ ನರ್ಸಬಾಯಿ ಗೋದುಬಾಯಿಯ ಹತ್ತಿರ ಹೋದಳು. ಎಲ್ಲ ಹೇಳಿ, “ಅದು ವಾಯು ಅಲ್ಲೇನ್ರಿ, ಬಾಯಾರ?” ಅಂದಳು.

“ಎದಿ ನೋವಿಗೆ ಕಾರಣ ಒಂದಲ್ಲವ್ವಾ. ಉಂಡು ಅಡ್ಡಾದಾಗ ಉರಿದ್ರ ಹೊಟ್ಟೀ ಹುಳಿ ಇರಬಹುದು. ಒತ್ತಿದ್ರ, ಹೊರಳಿದ್ರ ನೋವಾದ್ರ ಪಕ್ಕೆಲುಬು ಉಳುಕಿರಬಹುದು. ಕೆಮ್ಮು, ಜ್ವರ ಕೂಡಿದ್ರ ಉಸಿರಾಡೋ ಪುಪ್ಪಸದ ತೊಂದ್ರಿ ಇರಬಹುದು. ಏರು ಹತ್ತಿದ್ರ ಬಂದು, ನಿಂತ್ರ ಇಳದು, ಮತ್ತ ಮತ್ತ ಬಂದ್ರ ಗುಂಡಿಗಿಗೆ ಹೋಗೋ ರಕ್ತದ ನಾಳ ಸಣ್ಣಾಗಿರಬಹುದು. ಯಾವುದಂತ ಡಾಕ್ಟರೇ ನೋಡಿ ಹೇಳಬೇಕು. ನಿಂತ್ರೂ ಇಳೀಲಿಲ್ಲ, ಬೆವರು ಬಂತು, ತೋಳಿಗೆ, ಗದ್ದಕ್ಕ ಹಬ್ಬಿತು ಅಂದ್ರ ಒಂದು ಗಳಿಗೀನೂ ಕಾಯಬಾರದು.”



“ನಾವು ಕೈಮುಗಿದು ಕಾಯ್ದಿವ್ರಿ,” ಅಂದಳು ಹೊಳೆವ್ವ.

ಇದನ್ನು ಕೇಳುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರು ನಡೆಯುತ್ತ ನಡೆಯುತ್ತ ಎಲ್ಲಿ ನಿಲ್ಲುತ್ತಾರೆ, ನೋಡಿರಿ. ತಾವಾಗಿ ಅವರು ಹೇಳುವುದಿಲ್ಲ. ನೀವೇ ಕೇಳಿರಿ. ಅಂದೇ ದವಾಖಾನೆಗೆ ಕರೆದೊಯ್ಯಿರಿ. ಶಿವ ಇರುವ ಎದೆಯನ್ನು ಕಾಪಾಡುವುದೂ ಅವನ ಪೂಜೆಯೇ.

ಮುಂಡಗೋಡದ ದವಾಖಾನೆಗೆ ಹೋಗಲು ಎತ್ತಿನ ಚಕ್ಕಡಿ ಹೂಡು ಅಂತ ಉಳವಪ್ಪನ ಮಗ ಗೂಳಪ್ಪನಿಗೆ ಹೇಳಿ ಹೊಳೆವ್ವ ಮನೆಗೆ ಬಂದಳು. ಹಿಂದೆಯೇ ಉಳವಪ್ಪ ಬಂದು ಒಲೆಯ ಮುಂದೆ ಕುಳಿತ.

“ವಾಯುಕ್ಕ ಮುಂಡಗೋಡದ ತನಕ ಮೆರವಣಿಗಿ ಏನ್ರಿ, ವೈನಿ? ಡಾಕ್ಟರ್ ನಗತಾನ.”

“ನಿಮ್ಮಣ್ಣಾರೂ ಹಿಂಗ ನಗಸ್ತಿದ್ರು.”

ಅವನ ನಗು ಇಳಿಯಿತು. ಎದೆಯನ್ನು ಮೆಲ್ಲಗೆ ತಿಕ್ಕಿಕೊಂಡ.

“ಆತು, ಬರ್ತೇನಿ. ಆದ್ರ ನಾಳೆ ಹೋಗೂಣು. ಇವತ್ತಿಗೆ ಆ ಉಪ್ಪಿನ ಗಂಟು ಕಾಸಿಕೊಡ್ರಿ.”

ಹೊಳೆವ್ವ ಒಲೆಯ ಮೇಲಿನ ಹಂಚು ಇಳಿಸಿ ಬೋರಲು ಹಾಕಿದಳು.

“ಚಕ್ಕಡಿ ಹತ್ತು, ಉಳವಪ್ಪ. ಗಂಟು ನಾ ಕಾಸೂದಿಲ್ಲ.”