ಆರ್ಥರನಿಗೆ ಬಡಿಸಿದ ಅಗೆಲು

ದೇಜಪ್ಪನ ಮುಂಗೈ ಮುರಿದ ಸದ್ದು ಗೇಬ್ರಿಯಲ್‌ಗೆ ಬಾರಿನ ಆ ಕೊನೆಯವರೆಗೂ ಕೇಳಿಸಿತು. ಪೀಪಾಯಿಗೆ ನಲ್ಲಿ ಹೊಡೆಯುವ ಮರದ ಕೊಡತಿ ನೀಲ್ ಎಂಬ ಇಂಗ್ಲಿಷಿನವನ ಕೈಯಲ್ಲಿತ್ತು. "ಸಾರಿ ಸರ್" ಎಂದ ದೇಜಪ್ಪ. ಗಿರಾಕಿ ಸಿಟ್ಟಾದರೆ ಮೊದಲು ಸಾರಿ ಹೇಳು, ಕಾರಣ ಆಮೇಲೆ ಕೇಳು ಎಂದು ಅವನಿಗೆ ಕಲಿಸಿದವನು ಗೇಬ್ರಿಯಲ್ಲೇ. ಕರಾವಳಿಯ ಶಿರ್ವದಿಂದ ಬಂದು ಇಲ್ಲಿ ಹೆಡ್ ಬಾರ್‌ಮನ್ ಆದವನು. ಊರಿನಲ್ಲಿ ಪಕ್ಕದ ಮನೆಯವನಾದ ದೇಜಪ್ಪನನ್ನು ಕರೆಸಿಕೊಂಡವನೂ ಅವನೇ.

ಅದು ದೋಹಾದಲ್ಲಿ ಒಂದು ಕಂಪನಿಯ ಕಾಂಪೌಂಡಿನೊಳಗಿನ ಕ್ಲಬ್ಬು. ಹೊರಗೆ ತೊಂಬತ್ತನಾಲ್ಕನೇ ಇಸವಿಯ ಸುಡುಬೇಸಿಗೆ, ಒಳಗೆ ಅಪ್ಪಟ ಇಂಗ್ಲೆಂಡು. ಅಲ್ಲೆಲ್ಲೋ ಕೆಡವುತ್ತಿದ್ದ ಹಳೇ ಪಬ್ಬಿನ ಕೌಂಟರು, ಕೆತ್ತನೆಯ ಹಲಗೆ, ಹಿತ್ತಾಳೆ ಸರಳು ಎಲ್ಲವನ್ನೂ ಬಿಚ್ಚಿ ಹಡಗಿನಲ್ಲಿ ತರಿಸಿ ಜೋಡಿಸಿದವನು ಆರ್ಥರ್ ಎಂಬ ಇಂಜಿನಿಯರ್. ಹಲಗೆಗೆ ಗೀರು ಬಿದ್ದರೆ ಸದಸ್ಯರು ಸಭೆ ಸೇರುತ್ತಿದ್ದರು. ಏಲ್ ಪೀಪಾಯಿ ವಿಮಾನದಲ್ಲಿ ಬರುತ್ತಿತ್ತು. ಒಳಗೊಳಗೇ ಹುದುಗು ಬರುತ್ತಿರುವ ಜೀವಂತ ಬಿಯರು ಅದು. ತಣ್ಣಗೆ ಮಲಗಿಸಿ, ಗಷ್ಟು ತಳಕ್ಕಿಳಿಯುವ ತನಕ ಕಾದು, ಆಮೇಲೆ ನಲ್ಲಿ ಹೊಡೆಯಬೇಕು. ದೇಜಪ್ಪನಿಗೆ ಅದನ್ನು ಆರ್ಥರನೇ ನಿಂತು ಕಲಿಸಿದ್ದ. ಕ್ಲಬ್ಬಿನಲ್ಲಿ ದೇಜಪ್ಪನನ್ನು ಹೆಸರು ಹಿಡಿದು ಕರೆಯುತ್ತಿದ್ದ ಬಿಳಿಯ ಅವನೊಬ್ಬನೇ. ಹಿಂದಿನ ವರ್ಷ ಕಾರು ಮಗುಚಿ ಸತ್ತ.

ಆ ಶುಕ್ರವಾರಕ್ಕೆ ವರ್ಷ ತುಂಬಿತ್ತು. ದೇಜಪ್ಪನ ಊರಿನಲ್ಲಿ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸುತ್ತಾರೆ; ಕುಡಿಯುತ್ತಿದ್ದವರಿಗೆ ಕಳ್ಳನ್ನೂ ಇಡುತ್ತಾರೆ. ಅದಕ್ಕೆ ಅಗೆಲು ಎನ್ನುತ್ತಾರೆ. ಆರ್ಥರನ ಮಗ್ಗು ಕೌಂಟರಿನ ಮೇಲೆ ಕೊಕ್ಕೆಯಲ್ಲಿ ತೂಗುತ್ತಿತ್ತು, ಅದನ್ನು ಯಾರೂ ಮುಟ್ಟಬಾರದೆಂದು ಸದಸ್ಯರ ಕಟ್ಟಳೆ. ದೇಜಪ್ಪ ಅದನ್ನಿಳಿಸಿ, ಹೊಸ ಪೀಪಾಯಿಯ ಮೊದಲ ಏಲ್ ತುಂಬಿಸಿ, ಪಕ್ಕದಲ್ಲಿ ಕೋಳಿ ಸುಕ್ಕ ಇಟ್ಟು ಕೈಮುಗಿದ. ಬೇಡ ಮಾರಾಯ, ಇವರ ತಲೆಗೆ ಇದೆಲ್ಲ ಹೋಗುವುದಿಲ್ಲ ಎಂದು ಗೇಬ್ರಿಯಲ್ ಬೈದ.

"ಇವರಿಗೆ ಅಲ್ಲ ಪೊರ್ಬುಗಳೇ, ಆರ್ಥರ್ ದೊರೆಗಳಿಗೆ" ಎಂದ ದೇಜಪ್ಪ, ಊರಿನಲ್ಲಿ ಕ್ರಿಸ್ತುವರನ್ನು ಕರೆಯುವ ಮರ್ಯಾದೆಯಲ್ಲಿ. "ಅವರಿಗೆ ಬಡಿಸ್ಲಿಕ್ಕೆ ಬೇರೆ ಯಾರುಂಟು?"

ಆರ್ಥರನಿಗೆ ತಮ್ಮನೊಬ್ಬನಿದ್ದ, ಈ ನೀಲ್. ಅಣ್ಣನ ಮಣ್ಣಿಗೆ ಬಾರದವನು ವರ್ಷಕ್ಕೆಂದು ಬಂದು, ಮಧ್ಯಾಹ್ನಕ್ಕೇ ಕಂಠಪೂರ್ತಿ ಕುಡಿದಿದ್ದ. ಮಗ್ಗಿನಲ್ಲಿ ಏಲ್ ಕಂಡದ್ದೇ, ಕೆಲಸದವನು ಸತ್ತವನ ಮಗ್ಗಿನಲ್ಲಿ ಕುಡಿಯುತ್ತಿದ್ದಾನೆ ಎಂದುಕೊಂಡ. ಯಾರು ತುಂಬಿಸಿದ್ದೆಂದು ಕೇಳಿದ. ಸಾರಿ ಸರ್. ಕುಡಿದೆಯಾ ಎಂದು ಕೇಳಿದ. ಸಾರಿ ಸರ್. ಅಷ್ಟು ಸಾಕಾಯಿತು, ಕೊಡತಿ ಎತ್ತಿಕೊಂಡ.

ಕೈ ಮುರಿದ ಮೇಲೆ ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ಸದಸ್ಯರು ಲೋಟ ಹಿಡಿದು ನೋಡುತ್ತ ಕುಳಿತಿದ್ದರು. ಗೇಬ್ರಿಯಲ್ ನಡುವೆ ನುಗ್ಗಿ, ತನಗಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ಹೇಳಿದ: ಅವನು ಕುಡಿದಿಲ್ಲ, ನಿನ್ನ ಅಣ್ಣನ ಹೆಸರಿನಲ್ಲಿ ಇಟ್ಟದ್ದು, ನಮ್ಮಲ್ಲಿ ಮನೆಯವರು ಮಾಡುವ ಕೆಲಸ ಇದು. ನೀಲ್‌ಗೆ ಅರ್ಥವಾಯಿತು. ಮುಖ ಕೆಂಪೇರಿತು. ಆಮೇಲೆ ಗೇಬ್ರಿಯಲ್‌ನನ್ನು ತಳ್ಳಿ, ಮೊದಲಿಗಿಂತ ಜೋರಾಗಿ ದೇಜಪ್ಪನ ತಲೆಗೆ ಹೊಡೆದ. ನಾಚಿಕೆಯಿಂದ ಹೊತ್ತಿದ ಬೆಂಕಿಗೆ ಸತ್ಯವೂ ತುಪ್ಪವೇ.

ಗೇಬ್ರಿಯಲ್ ಅವನ ಮಣಿಕಟ್ಟು ಕಚ್ಚಿ ಕೊಡತಿ ಕಿತ್ತುಕೊಂಡ. ಮೊಣಕಾಲಿಗೆ ಬೀಸಿದ, ಬಿದ್ದವನ ದವಡೆಗೆ ಇನ್ನೊಂದು. ಇಷ್ಟು ವರ್ಷ ಯೆಸ್ ಸರ್ ಎಂದ ಮನುಷ್ಯನಿಗೆ ಆ ಎರಡನೆಯ ಏಟು ಹಿತವಾಯಿತು, ಸುಳ್ಳೇಕೆ.

ಮ್ಯಾನೇಜರ್ ಪ್ರೆಸ್ಟನ್ ಎದ್ದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ಪೊಲೀಸರು ಬಂದರೆ ಬಾರಿನ ಲೈಸೆನ್ಸ್ ಹೋಗುತ್ತದೆ. ಬಿಸಿಲಿಳಿದ ಮೇಲೆ ಕಂಪನಿಯ ನರ್ಸ್ ಬಂದು ನೋಡಲಿ, ನಾಳೆ ಕೆಲಸದವರಿಬ್ಬರೂ ಊರಿನ ವಿಮಾನ ಹತ್ತಲಿ ಎಂದ. ಅಷ್ಟರಲ್ಲಿ ದೇಜಪ್ಪ ವಾಂತಿ ಮಾಡಿಕೊಂಡ. ಕಿವಿಯಿಂದ ರಕ್ತ ಇಳಿಯುತ್ತಿತ್ತು, ಒಂದು ಕಣ್ಣು ಎತ್ತಲೋ ತಿರುಗಿತ್ತು. ಈಗಲೇ ಆಸ್ಪತ್ರೆಗೆ ಒಯ್ಯದಿದ್ದರೆ ಜೀವ ಹೋಗುತ್ತದೆಂದು ಹೇಳಲು ಡಾಕ್ಟರೇ ಬೇಕಿರಲಿಲ್ಲ. ಗೇಬ್ರಿಯಲ್ ಕೀಲಿ ಕೇಳಿದ.

"ಮಾಫಿ ಹಾಸ್ಪಿಟಲ್. ಖಲಾಸ್" ಎಂದ ಪ್ರೆಸ್ಟನ್, ಕೆಲಸದವರ ಜೊತೆ ಆಡುವ ಮುರುಕು ಅರಬಿಯಲ್ಲಿ. ಆಸ್ಪತ್ರೆ ಇಲ್ಲ, ಮಾತು ಮುಗಿಯಿತು ಎಂದರ್ಥ.

ಬಾಗಿಲಿನ ತುಂಬ ಗಾಜಿತ್ತು. ನೂರು ವರ್ಷದ ಹಿಂದೆ ಯಾರೋ ಬಳ್ಳಿ, ಹಕ್ಕಿಗಳನ್ನು ಕೊರೆದ ಗಾಜು. ಸಮುದ್ರ ದಾಟಿ ಬಂದರೂ ಒಂದು ಬಿರುಕು ಬಿಟ್ಟಿರಲಿಲ್ಲ. ಗೇಬ್ರಿಯಲ್ ಅದರ ಮುಂದೆ ಕೊಡತಿ ಎತ್ತಿದ. ದೇಜಪ್ಪನ ತಲೆ ಒಡೆಯುವಾಗ ಲೋಟದಿಂದ ತುಟಿ ತೆಗೆಯದವರೆಲ್ಲ ಈಗ ಕುರ್ಚಿ ಬೀಳಿಸಿ ಎದ್ದರು. ಬೇಡ, ಬೇಡ ಎಂದು ಅರಚಿದರು. ಒಬ್ಬ ಮುದುಕನ ಕಣ್ಣಲ್ಲಿ ನೀರು ಬಂದಿತ್ತು.

ಗೇಬ್ರಿಯಲ್ ಹೊಡೆದ. ಗಾಜು ಪೂರ್ತಿ ಉದುರುವ ತನಕ ಹೊಡೆದು, ದೇಜಪ್ಪನನ್ನು ಹೆಗಲ ಮೇಲೆ ಹಾಕಿಕೊಂಡು, ಮೈಯೆಲ್ಲ ಕುಯ್ಸಿಕೊಂಡು ಬಿಸಿಲಿಗೆ ಬಿದ್ದ.

ದೇಜಪ್ಪ ಬದುಕಿದ, ಒಂದು ಕಿವಿ ಹೋಯಿತು. ಗೇಬ್ರಿಯಲ್ ಜೈಲಿಗೆ ಹೋದ. ಆಸ್ಪತ್ರೆಯಿಂದ ಪೊಲೀಸರಿಗೆ ಸುದ್ದಿ ಹೋದ ಮೇಲೆ ಕ್ಲಬ್ಬಿನವರು ಕೊಟ್ಟ ದೂರಿನಲ್ಲಿ ನೀಲ್ ಇರಲಿಲ್ಲ, ದೇಜಪ್ಪನೂ ಇರಲಿಲ್ಲ, ಇದ್ದದ್ದು ಬಾಗಿಲೊಂದೇ.