ಗೋಡೆಯಲ್ಲಿ ಹಿಡಿಯದ ಮಹಾಸಾಗರ

ಶಾಲೆಯ ಉದ್ದ ಗೋಡೆಯ ಮೇಲೆ ಪೇಂಟರ್ ಮತ್ತು ಅವನ ಹೆಂಡತಿ ಬೆಳಗಿನಿಂದ ನೀರು ತುಂಬಿಸುತ್ತಿದ್ದರು. ಎಡದಲ್ಲಿ ಹೊಂಡ, ಆಮೇಲೆ ಕೆರೆ, ಸರೋವರ, ಸಮುದ್ರ, ಕೊನೆಗೆ ಮಹಾಸಾಗರ. ಯಾವುದಕ್ಕಿಂತ ಯಾವುದು ದೊಡ್ಡದೆಂದು ಮಕ್ಕಳಿಗೆ ನೋಡಿದೊಡನೆ ತಿಳಿಯಬೇಕೆಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದರು. ಅವನು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಅವಳು ನೀಲಿ ಬಳಿಯುವುದು.

ಹೊಂಡವನ್ನು ಅವನು ಎಮ್ಮೆ ಹಿಂಡೇ ಮುಳುಗುವಷ್ಟು ಧಾರಾಳವಾಗಿ ಬರೆದ. ಕೆರೆಗೆ ಇನ್ನೂ ದೊಡ್ಡ ಮನಸ್ಸು.

"ರೀ, ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಗೋಡೆ ಸಾಲಲ್ಲ ಅನ್ಸತ್ತೆ."

"ನೀನು ಬಳಿ."

ಬಳಿದಳು. ಮಹಾಸಾಗರದ ಸರದಿ ಬಂದಾಗ ಕಿಟಕಿಗೂ ಮೂಲೆಗೂ ನಡುವೆ ಉಳಿದಿದ್ದು ಒಂದು ಮೊಳ. ಮಹಾಸಾಗರ ಬಕೆಟ್ಟಿನಷ್ಟಾಯಿತು.

ಮುಖ್ಯೋಪಾಧ್ಯಾಯಿನಿ ಬಂದು ನೋಡಿ ನಕ್ಕುಬಿಟ್ಟರು. "ಇದರಲ್ಲಿ ಹಡಗು ಬಿಡೋದು ಹೇಗಪ್ಪಾ, ಮಡಚಿ ಬಿಡಬೇಕಾ?"

ನಗು ಅವನ ಕಿವಿಗೆ ಬಿತ್ತು. ಕೈಯಲ್ಲಿದ್ದ ಗೆರೆ ಎಳೆಯುವ ಮರದ ಪಟ್ಟಿ ಹೆಂಡತಿಯ ಭುಜಕ್ಕೆ ಬಿತ್ತು. ಎರಡನೆಯ ಏಟಿಗೆ ಅವಳು ಅಡ್ಡ ಹಿಡಿದ ಮುಂಗೈ ಲಟಕ್ಕೆಂದಿತು. ಜಡೆ ಹಿಡಿದು ಆ ಪುಟ್ಟ ಮಹಾಸಾಗರಕ್ಕೇ ಅವಳ ಮುಖ ಉಜ್ಜಿದ. ಹಸಿ ನೀಲಿಯಲ್ಲಿ ಮೂಗಿನ ರಕ್ತ ಎಳೆಎಳೆಯಾಗಿ ಇಳಿಯಿತು.

ಮುಖ್ಯೋಪಾಧ್ಯಾಯಿನಿ ಮುನ್ನುಗ್ಗಿ ಪಟ್ಟಿ ಕಿತ್ತುಕೊಂಡರು. "ಬಿಡೋ ಅವಳನ್ನ."

"ಮೇಡಂ, ಇದು ಗಂಡ ಹೆಂಡ್ತಿ ವಿಷಯ. ಎರಡೇಟು ಬಿದ್ರೇನೇ ಕೆಲಸ ನೆಟ್ಟಗಾಗೋದು. ನಮ್ಮ ಮೇಸ್ತ್ರಿ ನನಗೂ ಹೀಗೇ ಹೊಡೆದು ಕಲಿಸಿದ್ದು."

"ಕಲಿತಿದ್ದು ಗೋಡೆ ಮೇಲೆ ಕಾಣ್ತಾ ಇದೆ. ಗೋಡೆ ಸಾಲಲ್ಲ ಅಂತ ಅವಳು ಮೊದಲೇ ಹೇಳಿದ್ದು ನನ್ನ ಕೋಣೆಗೂ ಕೇಳಿಸ್ತು. ನೀನೇನಂದೆ?"

ಹೆಂಡತಿಯೇ ಸೆರಗಿನಿಂದ ಮೂಗು ಒತ್ತಿಕೊಂಡು, ಗಂಡನ ಗಡಸು ದನಿಯನ್ನು ಹಾಗೇ ತೆಗೆದು ಹೇಳಿದಳು: "'ನೀನು ಬಳಿ' ಅಂದ್ರು. ಬಳಿದೆ."

ಆಸ್ಪತ್ರೆಗೆ ಮೂವರೂ ಆಟೋದಲ್ಲಿ ಹೋದರು. ದಾರಿಯಲ್ಲಿ ಹೆಂಡತಿಯ ಕಿವಿಯ ಬಳಿ ಅವನ ದನಿ ಬೆಣ್ಣೆಯಾಗಿತ್ತು. "ಕೋಪದಲ್ಲಿ ಆಗೋಯ್ತು ಕಣೇ. ಏಣಿಯಿಂದ ಬಿದ್ದೆ ಅನ್ನು. ಹೋದ ಸಲ ಬಚ್ಚಲಲ್ಲಿ ಜಾರಿದೆ ಅಂದಿರ್ಲಿಲ್ವಾ, ಹಾಗೆ."

ಒಳಗೆ ನರ್ಸ್ ಊದಿದ ಕೈಯನ್ನು ಮೆಲ್ಲಗೆ ಎತ್ತಿ ನೋಡಿದರು. "ಏನಮ್ಮಾ, ಬಿದ್ಯಾ?"

ಬಾಗಿಲಾಚೆ ಬೆಂಚಿನ ಮೇಲಿಂದ ಕೆಮ್ಮು ಕೇಳಿಸಿತು. ಪಕ್ಕದಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿ ಅವಳತ್ತ ನೋಡಿದರು. ಹೇಳಬೇಕಾದವಳು ಅವಳೇ.

"ಬೀಳಲಿಲ್ಲ ಸಿಸ್ಟರ್," ಎಂದಳು, ಹೊರಗೂ ಕೇಳುವಂತೆ. "ಗಂಡ ಹೊಡೆದ. ಬೆಂಚಿನ ಮೇಲೆ ಕೂತು ಕೆಮ್ತಾ ಇದ್ದಾನಲ್ಲ, ಅವನೇ. ಪೊಲೀಸರಿಗೂ ಹಾಗೇ ತಿಳಿಸಿ."